ನಲವತ್ತೊಂದು ಅಜ್ಜಿಮೀನು

ಅಗಲವಾದ ಸ್ಟೀಲ್ ತಟ್ಟೆಯ ಒಂದಂಚಿಗೆ ಬೇಳೆಯನ್ನೆಲ್ಲ ಒತ್ತಿಕೊಂಡು, ಬೆರಳ ತುದಿಯಿಂದ ನಾಲ್ಕು ನಾಲ್ಕೇ ಕಾಳನ್ನು ಈಚೆಗೆ ಎಳೆಯುತ್ತ ಚಿಕ್ಕಮ್ಮ ಕಲ್ಲು ಆರಿಸುತ್ತಿದ್ದಳು. ಹಡಗು ಎಡಕ್ಕೆ ವಾಲಿದಾಗ ಬೇಳೆಯೂ ಎಡಕ್ಕೆ ಜಾರುತ್ತಿತ್ತು, ಬಲಕ್ಕೆ ವಾಲಿದಾಗ ಬಲಕ್ಕೆ. ತೊಡೆಯ ಮೇಲಿನ ತಟ್ಟೆಯನ್ನು ಅವಳು ಮಗುವನ್ನು ತೂಗುವ ಹಾಗೆ ಮೊಣಕಾಲಿನಲ್ಲೇ ಸಮ ಮಾಡಿಕೊಳ್ಳುತ್ತಿದ್ದಳು. ಇದು ಅವಳ ಕೆಲಸವಲ್ಲ. ಅವಳ ಕೆಲಸ ಮೀನು ಎಣಿಸುವುದು. ಆದರೆ ಎರಡು ದಿನದಿಂದ ಸಮುದ್ರ ಮುನಿಸಿಕೊಂಡು ಯಂತ್ರ ನೀರಿಗೆ ಇಳಿದಿರಲಿಲ್ಲ. ಕೈ ಸುಮ್ಮನಿದ್ದರೆ ತಲೆ ಸುಮ್ಮನಿರುವುದಿಲ್ಲ ಎಂದುಕೊಂಡು ಅವಳು ಹಡಗಿನ ಅಡುಗೆಮನೆ ಸೇರಿಕೊಂಡಿದ್ದಳು.

"ಇದು ಪ್ಯಾಕೆಟ್ ಬೇಳೆ ಚಿಕ್ಕಮ್ಮ, ಕಲ್ಲೇ ಇರಲ್ಲ. ಇಲ್ಲದ್ದನ್ನ ಹುಡುಕ್ತಾ ಕೂತಿದ್ದೀರಿ," ಎಂದ ಅಡುಗೆಯಣ್ಣ.

"ಇಲ್ಲ ಅಂತ ಹೇಳೋಕೂ ಯಾರಾದ್ರೂ ಒಬ್ರು ನೋಡಿರಬೇಕಲ್ಲಪ್ಪ," ಎಂದಳು ಅವಳು.

ಅವಳು ಅಡುಗೆಯಣ್ಣನಿಗೆ ಚಿಕ್ಕಮ್ಮನೇನಲ್ಲ. ಹಡಗಿನಲ್ಲಿ ಯಂತ್ರ ಓಡಿಸುವ ಹುಡುಗಿ ಅವಳ ಅಕ್ಕನ ಮಗಳು. ಆ ಹುಡುಗಿ ಮೊದಲ ದಿನ ಏಣಿಯ ತುದಿಯಲ್ಲಿ ನಿಂತು "ಚಿಕ್ಕಮ್ಮ, ಕೈ ಕೊಡು" ಎಂದು ಕೂಗಿದ್ದೇ ಸಾಕಾಯಿತು. ಕ್ಯಾಪ್ಟನ್ನಿನಿಂದ ಹಿಡಿದು ಪಾತ್ರೆ ತೊಳೆಯುವವನವರೆಗೆ ಎಲ್ಲರಿಗೂ ಅವಳು ಚಿಕ್ಕಮ್ಮನಾದಳು. ಐವತ್ತಾರರ ವಯಸ್ಸಿಗೆ ಒಂದೇ ದಿನದಲ್ಲಿ ಮೂವತ್ತು ಮಕ್ಕಳು.

ಗೋಡೆಯ ಸ್ಪೀಕರ್ ಕರಕರ ಎಂದು ಅದೇ ಹುಡುಗಿಯ ದನಿ ಬಂತು. ಅಲೆ ತಗ್ಗಿದೆ. ಮುಂದಿನ ಜಾಗಕ್ಕೆ ಹೋಗಲು ಹೊತ್ತು ಸಾಲದು. ಹತ್ತಿರದಲ್ಲೇ ಇರುವ, ಸಮುದ್ರತಳದ ಎರಡನೇ ಇಳಿಜಾರಿನಲ್ಲಿ ಇವತ್ತು ಯಂತ್ರ ಇಳಿಸೋಣವೆಂದು ಮೇಡಂ ಹೇಳಿದ್ದಾರೆ. ಹನ್ನೊಂದೂವರೆಗೆ ಎಲ್ಲರೂ ಸಿದ್ಧರಿರಬೇಕು. ನಾಲ್ಕು ಗಂಟೆಗೆ ದಡದಿಂದ ಮೋಟಾರು ದೋಣಿ ಬರುತ್ತದೆ. ಟಪಾಲು ಕಳಿಸುವವರು ಚೀಲಕ್ಕೆ ಹಾಕಿಬಿಡಿ.

ಎರಡನೇ ಇಳಿಜಾರು ಎಂದದ್ದೇ ತಡ, ಚಿಕ್ಕಮ್ಮನ ಬೆರಳು ತಟ್ಟೆಯ ಮೇಲೆ ನಿಂತುಹೋಯಿತು. ಬೇಳೆಯೆಲ್ಲ ಒಂದು ಕಡೆ ಜಾರಿ ಅರ್ಧ ಹಿಡಿ ನೆಲಕ್ಕೆ ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳ ಕೈ ಸ್ವೆಟರಿನ ಒಳಜೇಬಿಗೆ ಹೋಯಿತು. ಲಕೋಟೆ ಅಲ್ಲೇ ಇತ್ತು. ಹದಿನಾಲ್ಕು ತಿಂಗಳಿಂದ ಅಲ್ಲೇ ಇತ್ತು.

ಅದರ ಕತೆ ಹೇಳಬೇಕಾದರೆ ಮೊದಲು ಎಣಿಸುವ ಕೆಲಸದ ರೀತಿ ಹೇಳಬೇಕು.

ಯಂತ್ರವೆಂದರೆ ಮಲಗಿಸಿದ ಬೀರುವಿನಷ್ಟು ದೊಡ್ಡ ಹಳದಿ ಪೆಟ್ಟಿಗೆ. ಮುಂದೆ ಎರಡು ಕಬ್ಬಿಣದ ಕೈ ಇರುವುದರಿಂದ ಎಲ್ಲರೂ ಅದನ್ನು ಏಡಿ ಎನ್ನುತ್ತಾರೆ. ಅದರೊಳಗೆ ಮನುಷ್ಯರು ಕೂರುವುದಿಲ್ಲ. ಹೆಬ್ಬೆರಳು ದಪ್ಪದ ಉದ್ದನೆಯ ಕೇಬಲ್ ಒಂದರ ತುದಿಯಲ್ಲಿ ಅದು ಸಾವಿರ ಮೀಟರು ಆಳಕ್ಕೆ ಇಳಿದು, ದೀಪ ಹಚ್ಚಿಕೊಂಡು ಸಮುದ್ರದ ತಳದ ಮೇಲೆ ನೇರ ಗೆರೆ ಎಳೆದ ಹಾಗೆ ಹೋಗುತ್ತದೆ. ಓಡಿಸುವವರು ಮೇಲೆ ಹಡಗಿನಲ್ಲಿ ಕೂತಿರುತ್ತಾರೆ. ಅದು ಕಂಡದ್ದೆಲ್ಲ ಚಿತ್ರವಾಗಿ ದಡದ ಕಚೇರಿಗೆ ಬರುತ್ತದೆ. ಅಲ್ಲಿ ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕೂತು ಅದೇ ಚಿತ್ರ ನೋಡಿ, ಮೀನು ಕಂಡಾಗೊಮ್ಮೆ ಕೈಯಲ್ಲಿರುವ ಎಣಿಕೆಗುಂಡಿ ಒತ್ತುತ್ತಾರೆ; ಒತ್ತಿದಾಗೊಮ್ಮೆ ಅದರ ಅಂಕಿ ಒಂದು ಏರುತ್ತದೆ. ಒಬ್ಬರ ಲೆಕ್ಕ ಇನ್ನೊಬ್ಬರು ನೋಡುವ ಹಾಗಿಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಬಂದರೆ ಲೆಕ್ಕ ಸರಿ ಎಂದು ಅರ್ಥ.

ಇದರ ಜೊತೆಗೆ ಇನ್ನೊಂದು ಕಟ್ಟುಪಾಡು. ತೆರೆಯ ಕೆಳಗಡೆ ಆಳ ಎಷ್ಟು, ಯಂತ್ರದ ಮುಖ ಯಾವ ದಿಕ್ಕಿಗೆ ಎಂಬ ಅಂಕಿಗಳು ಓಡುತ್ತಿರುತ್ತವೆ. ಎಣಿಸುವವರು ಅದರ ಮೇಲೆ ಕಂದು ಕಾಗದದ ಪಟ್ಟಿ ಅಂಟಿಸಿಕೊಳ್ಳಬೇಕು. ಇಷ್ಟು ಆಳದಲ್ಲಿ ಮೀನು ಜಾಸ್ತಿ ಎಂದು ಗೊತ್ತಾದರೆ ಮನಸ್ಸು ಆಸೆ ಬೀಳುತ್ತದೆ, ಕಲ್ಲು ಕಂಡರೂ ಬೆರಳು ಗುಂಡಿ ಒತ್ತುತ್ತದೆ. ಯಂತ್ರ ಓಡಿಸಿದವರ ದಿನಚರಿಯನ್ನೂ ಓದುವಂತಿಲ್ಲ. ಕಣ್ಣು ಕಂಡದ್ದಷ್ಟೇ ಲೆಕ್ಕ. ಈ ಕಟ್ಟುಪಾಡು ಮಾಡಿದವರು ಲೆಕ್ಕದಣ್ಣ.

ಲೆಕ್ಕದಣ್ಣ ಎಂದರೆ ಅವಳ ಜೊತೆಯ ಎಣಿಕೆಯವರು, ಅವಳಿಗೆ ಗುರುವಿನ ಸಮಾನ. ಮೆಟ್ಟಿಲು ಹತ್ತಿದರೆ ಮೆಟ್ಟಿಲು ಎಣಿಸುವವರು, ಡಬ್ಬಿ ತೆರೆದರೆ ಬಿಸ್ಕತ್ತು ಎಣಿಸುವವರು. ಹದಿನಾರು ವರ್ಷದ ಹಿಂದೆ ಅವಳು ಆ ಕಚೇರಿಯ ನೆಲ ಒರೆಸುತ್ತಿದ್ದಳು. ಒಂದು ದಿನ ಅವರ ಬೆನ್ನ ಹಿಂದೆ ಒರೆಸುತ್ತ ಒರೆಸುತ್ತ, "ಬಂಡೆ ಕೆಳಗೆ ಇನ್ನೊಂದಿತ್ತಲ್ಲ ಸರ್" ಎಂದುಬಿಟ್ಟಳು. ಅವರು ಚಿತ್ರ ಹಿಂದಕ್ಕೆ ಓಡಿಸಿ ನೋಡಿದರು. ಇತ್ತು. ಮಾರನೆಯ ದಿನ ಸಂಜೆಶಾಲೆಯ ಅರ್ಜಿ ತಂದು ಅವಳ ಬಕೆಟ್ಟಿನ ಹಿಡಿಕೆಗೆ ಸಿಕ್ಕಿಸಿದ್ದರು. ಐದು ವರ್ಷ ಅವಳು ಕೆಲಸ ಮುಗಿಸಿ, ಎಳೆ ಹುಡುಗಿಯರ ಪಕ್ಕ ಬೆಂಚಿನ ಮೇಲೆ ಕೂತು ಕಲಿತು ಪರೀಕ್ಷೆ ಕಟ್ಟಿ ಪಾಸಾದಳು. ಅಂದಿನಿಂದ ಅವರು ಸರ್ ಹೋಗಿ ಅಣ್ಣನಾದರು. ಅವಳು ಬಕೆಟ್ಟು ಬಿಟ್ಟು ಗುಂಡಿ ಹಿಡಿದಳು.

ಎರಡನೇ ಇಳಿಜಾರಿನ ಚಿತ್ರ ಬಂದದ್ದು ಎರಡು ವರ್ಷದ ಹಿಂದೆ. ಅದರಲ್ಲಿ ಅಜ್ಜಿಮೀನು ಕಂಡಿತು. ಬೂದು ಬಣ್ಣ, ಹಾವಿನ ಹಾಗೆ ಉದ್ದ, ದಪ್ಪ ತುಟಿ, ಇನ್ನೊಬ್ಬರ ಅಂಗಿ ತೊಟ್ಟ ಹಾಗೆ ಸಡಿಲ ಚರ್ಮ. ಅದಕ್ಕೇ ಆ ಹೆಸರು. ಅವಳ ಲೆಕ್ಕ ನಲವತ್ತೊಂದು, ಲೆಕ್ಕದಣ್ಣನವರ ಲೆಕ್ಕ ನಲವತ್ತು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಅಜ್ಜಿಮೀನನ್ನು ಯಾರೂ ಕಂಡಿರಲಿಲ್ಲ. ಕಚೇರಿಯೆಲ್ಲ ಹಿಗ್ಗಿತು. ವರದಿ ಹೋಯಿತು. ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಅವಳು ಹಳೇ ಚಟ ಬಿಡಲಾರದೆ ಒದ್ದೆ ಬಟ್ಟೆ ಹಿಡಿದು ತೆರೆ ಒರೆಸುತ್ತಿದ್ದಳು. ಅದೇ ಚಿತ್ರ ಪ್ರತಿ ತೆಗೆಯಲು ಓಡುತ್ತಿತ್ತು. ಬಟ್ಟೆ ತಾಗಿ ಕಂದು ಪಟ್ಟಿ ಕಳಚಿ ಬಿತ್ತು. ಕೆಳಗಿನ ದಿಕ್ಕಿನ ಅಂಕಿ ಗಿರಗಿರ ತಿರುಗುತ್ತಿತ್ತು. ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ, ಮತ್ತೆ ಉತ್ತರ.

ಏಡಿ ಆ ದಿನ ನೇರ ಹೋಗಿರಲೇ ಇಲ್ಲ. ಕೇಬಲ್ ಒಂದು ಬಂಡೆಗೆ ಸಿಕ್ಕಿಕೊಂಡು, ಬಿಡಿಸಿಕೊಳ್ಳಲು ಮೂವತ್ತೆಂಟು ನಿಮಿಷ ಗಾಣದ ಎತ್ತಿನ ಹಾಗೆ ಅದೇ ಬಂಡೆಯನ್ನು ಸುತ್ತಿತ್ತು. ಓಡಿಸಿದವನು ದಿನಚರಿಯಲ್ಲಿ ಬರೆದೂ ಇದ್ದ. ಆದರೆ ಎಣಿಸುವವರು ದಿನಚರಿ ಓದುವಂತಿಲ್ಲವಲ್ಲ. ಚಿಕ್ಕಮ್ಮ ನಾಲ್ಕು ದಿನ ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು ನೋಡಿದಳು. ಮೀನಿನ ಬೆನ್ನ ರೆಕ್ಕೆಯಲ್ಲಿ, ಬಾಲದ ಹತ್ತಿರ, ಯಾರೋ ಕಚ್ಚಿ ತೆಗೆದ ಹಾಗೆ ಅರ್ಧಚಂದ್ರದ ಕಚ್ಚು. ಮೊದಲನೆಯದಕ್ಕೂ ಇತ್ತು, ಹತ್ತನೆಯದಕ್ಕೂ ಇತ್ತು, ನಲವತ್ತೊಂದನೆಯದಕ್ಕೂ ಇತ್ತು. ನಲವತ್ತೊಂದು ಅಜ್ಜಿಯರಲ್ಲ, ಒಬ್ಬಳೇ ಅಜ್ಜಿ ನಲವತ್ತೊಂದು ಸಲ ಬಂದಿದ್ದಳು.

ತಿದ್ದುಪಡಿಗೆ ನೀಲಿ ಕಾಗದವೊಂದಿದೆ. ಅದರ ಮೇಲೆ ಕೈಯಲ್ಲಿ ಬರೆದು, ಎಣಿಸಿದ ಇಬ್ಬರೂ ಸಹಿ ಹಾಕಿ, ಅಸಲು ಕಾಗದವನ್ನೇ ಕಳಿಸಬೇಕು. ಮೊದಲ ಸಾಲು ಹಿರಿಯರ ಸಹಿಗೆ, ಎರಡನೆಯದು ಕಿರಿಯರದ್ದು. ಅವಳು ಅಂದೇ ಬರೆದಳು, ಎರಡನೇ ಸಾಲಿಗೆ ಸಹಿ ಹಾಕಿದಳು. ಮೊದಲ ಸಾಲು ಖಾಲಿ ಉಳಿಯಿತು. ಅವರ ಕೋಣೆಗೆ ಹೋದರೆ, ಕಚೇರಿಯವರು ಆ ವಾರವೇ ಕಟ್ಟು ಹಾಕಿಸಿ ಕೊಟ್ಟ ಪ್ರಶಸ್ತಿಪತ್ರ ಗೋಡೆಯ ಮೇಲೆ ಹೊಳೆಯುತ್ತಿತ್ತು: ಒಂದೂ ತಿದ್ದುಪಡಿಯಿಲ್ಲದ ಇಪ್ಪತ್ತೈದು ವರ್ಷ. ಅವಳು ಅದರ ಗಾಜು ಒರೆಸಿ ಹಿಂದಿರುಗಿದಳು. ಇನ್ನೆರಡು ಸಲ ಹೋದಳು, ಇನ್ನೆರಡು ಸಲ ಗಾಜು ಒರೆಸಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ತನಗೆ ಅಕ್ಷರದ ದಾರಿ ತೋರಿಸಿದವರ ಮಾನಕ್ಕೆ ತಾನೇ ಕೈ ಹಾಕುವುದು ಹೇಗೆ? ಬಾಯೊಳಗಿನ ಬಿಸಿತುಪ್ಪ; ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಈಗ ಹೊತ್ತು ಮೀರುತ್ತಿತ್ತು. ಮೀನು ಅಷ್ಟು ಹೇರಳವಾಗಿದ್ದರೆ ಆ ಇಳಿಜಾರನ್ನು ತಳ ಗೋರುವ ದೊಡ್ಡ ಬಲೆಗಳಿಗೆ ತೆರೆದುಬಿಡೋಣವೆಂದು ಮೇಲಿನವರು ಯೋಚಿಸಿದ್ದರು. ತೀರ್ಮಾನದ ಸಭೆ ಇಪ್ಪತ್ತನೇ ತಾರೀಕು. ಇವತ್ತು ಒಂಬತ್ತು. ಹಡಗು ದಡ ಸೇರುವುದು ಇಪ್ಪತ್ತಾರಕ್ಕೆ. ನಡುವೆ ಬರುವುದು ಇವತ್ತಿನ ನಾಲ್ಕು ಗಂಟೆಯ ದೋಣಿಯೊಂದೇ.

ಯಂತ್ರದ ಕೋಣೆಗೆ ಹೋಗುವ ದಾರಿಯಲ್ಲಿ ಲೆಕ್ಕದಣ್ಣ ಕಂಬಿ ಹಿಡಿದು ನಿಂತಿದ್ದರು. ಮುಖ ಸುಣ್ಣವಾಗಿತ್ತು. ಕೈಯಲ್ಲಿ ವಾಂತಿಗೆಂದು ಪುಟ್ಟ ಬಕೆಟ್ಟು. ಅವಳಂತೆ ಅವರಿಗೂ ಇದೇ ಮೊದಲ ಹಡಗು ಪ್ರಯಾಣ. ಇಪ್ಪತ್ತೇಳು ವರ್ಷ ಕುರ್ಚಿಯಲ್ಲಿ ಕೂತೇ ಸಮುದ್ರ ನೋಡಿದವರು. ಎಣಿಸುವವರೂ ಒಮ್ಮೆ ನೀರು ಕಾಣಲಿ ಎಂದು ಮೇಡಂ ಇಬ್ಬರನ್ನೂ ಕರೆತಂದಿದ್ದರು.

"ಹದಿನೇಳಾಯ್ತು," ಎಂದರು, ಬಕೆಟ್ಟು ತೋರಿಸಿ.

ಹಿಂದಿನಿಂದ ನಿಂಬೆಹಣ್ಣು ತಂದ ಅಡುಗೆಯಣ್ಣ ಸುಮ್ಮನಿರಲಿಲ್ಲ. "ಒಬ್ಬರದೇ ಲೆಕ್ಕ ಒಪ್ಪೋಕಾಗಲ್ಲ ಸರ್. ಎರಡನೆಯವರು ಎಲ್ಲಿ?"

ಲೆಕ್ಕದಣ್ಣ ನಗಲು ಹೋಗಿ ಹದಿನೆಂಟು ಮಾಡಿಕೊಂಡರು.

ಯಂತ್ರದ ಕೋಣೆಯಲ್ಲಿ ಕಿಟಕಿಯಿಲ್ಲ. ಗೋಡೆಯ ತುಂಬ ತೆರೆಗಳು. ಮುಂದಿನ ಕುರ್ಚಿಯಲ್ಲಿ ಅಕ್ಕನ ಮಗಳು, ಎರಡು ಕೈಯಲ್ಲಿ ಎರಡು ಹಿಡಿಕೆ. ತೊಟ್ಟಿಲಲ್ಲಿದ್ದಾಗ ಗಿಲಕಿಯನ್ನೂ ಹೀಗೇ ಬಿಗಿಯಾಗಿ ಹಿಡಿಯುತ್ತಿದ್ದಳು ಎಂದು ಚಿಕ್ಕಮ್ಮನಿಗೆ ನೆನಪಾಯಿತು. ಪಕ್ಕದಲ್ಲಿ ಸಮೀಕ್ಷೆಯ ಮುಖ್ಯಸ್ಥೆ ಮೇಡಂ, ಪೆನ್ಸಿಲನ್ನು ಕೂದಲಿಗೆ ಸಿಕ್ಕಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಇಲ್ಲಿ ಬೇರೆ ಬೇರೆ ಕೋಣೆಯಿಲ್ಲದ್ದರಿಂದ ಎಣಿಸುವವರಿಬ್ಬರೂ ಒಂದೇ ತೆರೆಯ ಮುಂದೆ ಕೂರಬೇಕಿತ್ತು. ಲೆಕ್ಕದಣ್ಣ ಕೂತವರೇ ಜೇಬಿನಿಂದ ಕಂದು ಪಟ್ಟಿ ತೆಗೆದು ಎಣಿಸುವವರ ತೆರೆಯ ಕೆಳಗೆ ಅಂಟಿಸಿದರು. ಹಡಗಾದರೇನು, ಕಟ್ಟುಪಾಡು ಕಟ್ಟುಪಾಡೇ.

ಹಿಂಬದಿಯ ಡೆಕ್ಕಿನ ಮೇಲೆ ಕೇಬಲ್ ಸುತ್ತಿದ ವಿಂಚ್ ಗುಡುಗಿತು. ಏಡಿ ಗಾಳಿಯಲ್ಲಿ ಒಮ್ಮೆ ತೂಗಿ, ನೀರಿಗೆ ಬಿದ್ದು, ಬಿಳಿ ನೊರೆಯಲ್ಲಿ ಮುಳುಗಿತು. ತೆರೆಯೆಲ್ಲ ಹಸಿರಾಯಿತು, ಹಸಿರು ನೀಲಿಯಾಯಿತು, ನೀಲಿ ಕಡುನೀಲಿಯಾಗಿ ಕೊನೆಗೆ ಕಾಡಿಗೆಯಾಯಿತು. ದೀಪ ಹತ್ತಿತು. ಜರಡಿ ಹಿಡಿದ ಹಿಟ್ಟಿನ ಹಾಗೆ ಬಿಳಿ ಚೂರುಗಳು ಕತ್ತಲಿನಿಂದ ಉದುರುತ್ತಿದ್ದವು. ನಡುವೆ ಗಾಜಿನ ಮಣಿಸರದಂಥದ್ದೊಂದು ಮೈಯೆಲ್ಲ ಬಣ್ಣ ಮಿನುಗಿಸುತ್ತ ತೇಲಿಹೋಯಿತು. ಹನ್ನೊಂದು ವರ್ಷ ಇಂಥವನ್ನೆಲ್ಲ ಅವಳು ಕಂಡಿದ್ದಳು, ಆದರೆ ತಿಂಗಳ ಹಳೇದು, ಹಳಸಿದ್ದು. ಇದು ಈಗ, ಈ ಗಳಿಗೆಯಲ್ಲಿ, ಅವಳ ಕಾಲಡಿಯಲ್ಲಿ ನಡೆಯುತ್ತಿತ್ತು. ಮುಂದೇನು ಬರುತ್ತದೆಂದು ಹಡಗಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಮೇಡಂಗೂ ಗೊತ್ತಿರಲಿಲ್ಲ. ಅವಳ ಎದೆ ಸಂತೆಗೆ ಹೊರಟ ಮಗುವಿನ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಜೇಬಿನಲ್ಲಿರುವುದು ಮರೆತೇಹೋಯಿತು.

"ತಳ ಸಿಕ್ತು," ಎಂದಳು ಹುಡುಗಿ. "ಸಾವಿರದ ನೂರಾ—"

"ಆಳ ಹೇಳಬೇಡಮ್ಮ," ಎಂದು ಲೆಕ್ಕದಣ್ಣ ಕಿವಿ ಮುಚ್ಚಿಕೊಂಡರು.

ಒಂದು ಗಂಟೆ ಏಡಿ ನೇರ ಹೋಯಿತು. ಬೂದು ಕೆಸರು, ಸೂಜಿಯಂಥ ಮುಳ್ಳಿನ ಚೆಂಡುಗಳು, ಗೇಣುದ್ದದ ಕೆಂಪು ಸೀಗಡಿ, ಇಲಿಬಾಲದ ಮೀನು ಎರಡು, ತಲೆ ಕೆಳಗಾಗಿ ನಿಂತ ಮೀನೊಂದು. ಗುಂಡಿ ಒತ್ತಿದ್ದು ಮೂರು ಸಲ. ಅಜ್ಜಿಮೀನಿನ ಸುಳಿವಿಲ್ಲ. ಲೆಕ್ಕದಣ್ಣ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ನಲವತ್ತು ಮೀನು ಎಲ್ಲಿ ಹೋದವು, ಎಲ್ಲವೂ ಒಟ್ಟಿಗೆ ಮದುವೆಗೆ ಹೋದವೇ ಎಂದು ಗೊಣಗಿದರು.

ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಕತ್ತಲಿನಿಂದ ಬಂಡೆ ಎದ್ದು ಬಂತು. ಒಂಟಿ ಬಂಡೆ, ಮೇಲೆ ಬಿಳಿ ಹವಳದ ಪೊದೆ. ಅವಳಿಗೆ ಆ ಬಂಡೆ ತನ್ನ ಮನೆ ಬಾಗಿಲಿನಷ್ಟೇ ಗುರುತಿತ್ತು. ಹವಳ ಚೆನ್ನಾಗಿದೆ, ಸುತ್ತು ಹಾಕು ಎಂದು ಮೇಡಂ ಹುಡುಗಿಗಷ್ಟೇ ಕೇಳುವಂತೆ ಹೇಳಿದರು.

ಬಂಡೆಯ ಮರೆಯಿಂದ ಬೂದು ಬಣ್ಣದ ಉದ್ದನೆಯದೊಂದು ಹೊರಬಂತು. ದಪ್ಪ ತುಟಿ. ನೇರ ದೀಪದ ಮುಂದೆ ಬಂದು, ಅಡ್ಡ ಹಾದು, ಮರೆಯಾಯಿತು.

ಟಕ್. ಲೆಕ್ಕದಣ್ಣನವರ ಗುಂಡಿ. "ಬಂತು ನೋಡು," ಎಂದರು, ವಾಂತಿಯೆಲ್ಲ ಮರೆತ ಮುಖದಲ್ಲಿ.

ಏಡಿ ಸುತ್ತುತ್ತಿತ್ತು. ಮತ್ತೊಂದು ಬಂತು. ಟಕ್. ಮತ್ತೊಂದು. ಟಕ್. ನಾಲ್ಕು. ಐದು. ಮೇಡಂ ಕುರ್ಚಿಯ ತುದಿಗೆ ಬಂದಿದ್ದರು. ಚಿಕ್ಕಮ್ಮನ ಹೆಬ್ಬೆರಳು ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಆರನೆಯ ಸಲಕ್ಕೆ ಲೆಕ್ಕದಣ್ಣ ತಿರುಗಿ ನೋಡಿದರು.

"ಏನಮ್ಮ, ನಿದ್ದೆನಾ? ನಿನ್ನ ಗುಂಡಿ ಸದ್ದೇ ಇಲ್ಲ."

ಇಷ್ಟು ದಿನ ಹುಡುಕಿದ ಹೊತ್ತು ತಾನಾಗಿ ಬಂದು ಎದುರು ನಿಂತಿತ್ತು.

"ಅದೇ ಮೀನು ಅಣ್ಣ," ಎಂದಳು. "ಆರೂ ಒಂದೇ ಮೀನು. ಅವತ್ತೂ ಒಂದೇ ಇತ್ತು."

ಹೇಳಿದವಳೇ ಕೈ ಚಾಚಿ ಕಂದು ಪಟ್ಟಿಯನ್ನು ಕಿತ್ತಳು. ಕೆಳಗೆ ದಿಕ್ಕಿನ ಅಂಕಿ ತಿರುಗುತ್ತಿತ್ತು. ಲೆಕ್ಕದಣ್ಣ ಅಂಕಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಹುಡುಗಿ ಚಿತ್ರ ನಿಲ್ಲಿಸಿ ಹಿಗ್ಗಿಸಿದಳು. ಬೆನ್ನ ರೆಕ್ಕೆಯಲ್ಲಿ ಅರ್ಧಚಂದ್ರದ ಕಚ್ಚು ಎದ್ದು ಕಾಣುತ್ತಿತ್ತು.

ಲೆಕ್ಕದಣ್ಣ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಇವತ್ತು ಒಂದೇ ಮೀನು, ಒಪ್ಪಿದೆ," ಎಂದರು ನಿಧಾನವಾಗಿ. "ಅವತ್ತೂ ಒಂದೇ ಅಂತ ನಿನಗೆ ಹೇಗೆ ಗೊತ್ತು?"

"ಹತ್ತು ನಿಮಿಷ ನಾಲ್ಕು ಸೆಕೆಂಡಿಗೆ ಮೊದಲನೆಯದು," ಎಂದಳು ಚಿಕ್ಕಮ್ಮ. "ಹತ್ತು ನಿಮಿಷ ಐವತ್ತೊಂಬತ್ತಕ್ಕೆ ಎರಡನೆಯದು. ಹನ್ನೊಂದು ನಿಮಿಷ ಐವತ್ತಕ್ಕೆ..." ನಲವತ್ತೊಂದೂ ಅವಳಿಗೆ ಮಗ್ಗಿಯಂತೆ ಬಾಯಿಗೆ ಬರುತ್ತಿತ್ತು.

ಅವರು ಕೈ ಎತ್ತಿ ತಡೆದರು. ಹಳೇ ಚಿತ್ರ ಹಡಗಿನಲ್ಲಿದೆಯೇ ಎಂದು ಕೇಳಿದರು. ಇತ್ತು. ಹುಡುಗಿ ಅದನ್ನು ಪಕ್ಕದ ಚಿಕ್ಕ ತೆರೆಗೆ ಹಾಕಿಕೊಟ್ಟಳು. ಒಂದೆರಡು ನೋಡಿದರೆ ಸಾಕಲ್ಲ ಎಂದರು ಮೇಡಂ. ಎಲ್ಲವನ್ನೂ ನೋಡುತ್ತೇನೆ ಎಂದರು ಲೆಕ್ಕದಣ್ಣ. ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಕುರ್ಚಿಯನ್ನು ಚಿಕ್ಕ ತೆರೆಯ ಕಡೆ ಎಳೆದುಕೊಂಡು, ಎಲ್ಲರಿಗೂ ಬೆನ್ನು ಮಾಡಿ ಕೂತರು.

ಚಿಕ್ಕಮ್ಮನಿಗೆ ಯಾವ ತೆರೆ ನೋಡಬೇಕೆಂದು ತಿಳಿಯಲಿಲ್ಲ. ಈ ಕಡೆ ದೊಡ್ಡ ತೆರೆಯಲ್ಲಿ ಅಜ್ಜಿಮೀನು ಮತ್ತೆ ಬಂದು ದೀಪದ ಮುಂದೆ ನಿಂತಿತು. ಇಷ್ಟು ಹತ್ತಿರ, ಇಷ್ಟು ಸಲ, ಯಾಕೆ ಬರುತ್ತದೆ? ಬೆಳಕಿನ ಆಸೆಗೆ ಬರುವ ಮೀನು ಬೆಳಕಿನ ಬಳಿಯೇ ಇರುತ್ತದೆ. ಇದು ಹಾಗಲ್ಲ, ಪ್ರತಿ ಸಲವೂ ಬಂಡೆಯ ಅದೇ ಮಗ್ಗುಲಿಗೆ ಹಿಂದಿರುಗುತ್ತಿತ್ತು. ಅಂಗಳಕ್ಕೆ ಬಂದ ಹೊಸಬರನ್ನು ಬಾಗಿಲವರೆಗೆ ಬಂದು ನೋಡಿ ಒಳಗೆ ಹೋಗುವ ಮನೆಯೊಡತಿಯ ನಡೆ ಅದು.

"ಮಗಳೇ, ದೀಪ ಆರಿಸೋಕಾಗುತ್ತಾ?" ಎಂದಳು. "ಏಡೀನ ಸುಮ್ಮನೆ ಕೂರಿಸು. ಅದು ಮನೆಗೆ ಹೋಗಲಿ."

ಹುಡುಗಿ ಮೇಡಂ ಮುಖ ನೋಡಿದಳು. ಮೇಡಂ ತಲೆಯಾಡಿಸಿದರು. ಬಿಳಿ ದೀಪ ಆರಿ ಮಂದ ಕೆಂಪು ದೀಪ ಹತ್ತಿತು. ಕೆಂಪು ಬೆಳಕು ಆ ಆಳದ ಮೀನುಗಳ ಕಣ್ಣಿಗೆ ಕಾಣುವುದಿಲ್ಲವಂತೆ. ಮೋಟಾರು ನಿಂತಿತು. ಏಡಿ ಕೆಸರಿನ ಮೇಲೆ ಕೂತಿತು. ಕೋಣೆಯಲ್ಲಿ ಚಿಕ್ಕ ತೆರೆಯ ಕಡೆಯಿಂದ ಆಗಾಗ ಟಕ್ ಎನ್ನುವುದು ಬಿಟ್ಟರೆ ಸದ್ದಿಲ್ಲ.

ಏಳೆಂಟು ನಿಮಿಷ ಕಳೆಯಿತು. ಮೀನು ಬಂತು. ಏಡಿಯ ಕಬ್ಬಿಣದ ಕೈಯನ್ನು ತುಟಿಯಿಂದ ಒಮ್ಮೆ ಮುಟ್ಟಿ ನೋಡಿತು. ಆಮೇಲೆ ಅವಸರವಿಲ್ಲದೆ ತಿರುಗಿ, ಬಂಡೆಯ ಬುಡದ ಬಿರುಕಿನೊಳಗೆ ಮೈ ಸುತ್ತಿಕೊಂಡು ಮಲಗಿತು. ಹುಡುಗಿ ಏಡಿಯ ಕೈ ತುದಿಯ ಪುಟ್ಟ ಕ್ಯಾಮೆರಾವನ್ನು ಬಿರುಕಿನ ಕಡೆ ಚಾಚಿದಳು, ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ. ಮೀನಿನ ಮೈ ಸುರುಳಿಯ ಒಳಗೆ ಏನೋ ಹೊಳೆಯಿತು. ದುಂಡನೆಯದು. ಒಂದಲ್ಲ, ರಾಶಿ. ನೆನೆಸಿದ ಸಬ್ಬಕ್ಕಿಯ ಹಾಗೆ ಒಂದಕ್ಕೊಂದು ಅಂಟಿಕೊಂಡ ಮೊಟ್ಟೆಗಳು, ಪ್ರತಿಯೊಂದರಲ್ಲೂ ಎರಡು ಕಪ್ಪು ಚುಕ್ಕೆ. ಕಣ್ಣುಗಳು.

ಮೇಡಂ ಎದ್ದು ನಿಂತುಬಿಟ್ಟರು. ಕೂದಲಿನಿಂದ ಪೆನ್ಸಿಲು ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ. ಈ ಮೀನು ಮೊಟ್ಟೆ ಕಾಯುವುದನ್ನು ತಾವು ಎಲ್ಲೂ ಓದಿಲ್ಲ, ಯಾರಿಂದಲೂ ಕೇಳಿಲ್ಲ ಎಂದು ಅವರು ಒಂದೇ ಮಾತನ್ನು ಮೂರು ಸಲ ಹೇಳಿದರು. ಹುಡುಗಿ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು, ಹಿಡಿಕೆ ಬಿಡುವಂತಿಲ್ಲವಾದ್ದರಿಂದ ಚಿಕ್ಕಮ್ಮನೇ ಸೆರಗಿನಲ್ಲಿ ಒರೆಸಿದಳು. ಸುದ್ದಿ ಹೇಗೆ ಹೋಯಿತೋ, ಅಡುಗೆಯಣ್ಣ ಸೌಟು ಹಿಡಿದೇ ಬಾಗಿಲಲ್ಲಿ ನಿಂತಿದ್ದ. ಎರಡು ವರ್ಷದ ಹಿಂದೆಯೂ ಅದೇ ಕಚ್ಚು, ಅದೇ ಬಂಡೆ, ಅದೇ ಕಾವಲು. ಅವತ್ತು ಮೂವತ್ತೆಂಟು ನಿಮಿಷ ತನ್ನ ಮನೆಯನ್ನು ಸುತ್ತಿದ ರಾಕ್ಷಸನನ್ನು ನಲವತ್ತೊಂದು ಸಲ ಎದುರಿಸಿದ ತಾಯಿ. ಚಿಕ್ಕಮ್ಮನಿಗೆ ಕುಣಿಯಬೇಕೆನ್ನಿಸಿತು. ಆಗಲೇ ಬೆನ್ನ ಹಿಂದೆ ಮತ್ತೆ ಟಕ್ ಎಂದಿತು.

ಲೆಕ್ಕದಣ್ಣ ತಿರುಗಿಯೂ ನೋಡಿರಲಿಲ್ಲ. ಇಡೀ ಹಡಗು ಮೊಟ್ಟೆ ನೋಡುತ್ತಿದ್ದಾಗ ಆ ಮನುಷ್ಯ ತಮ್ಮ ತಪ್ಪನ್ನು ಒಂದೊಂದಾಗಿ ಎಣಿಸುತ್ತ ಕೂತಿದ್ದರು. ಕೊನೆಯದು ಮುಗಿದ ಮೇಲೆ ಗುಂಡಿಯನ್ನು ಮೇಜಿನ ಮೇಲಿಟ್ಟು, ಬಕೆಟ್ಟು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಗೋಡೆಯ ಗಡಿಯಾರ ಮೂರೂ ನಲವತ್ತು ತೋರಿಸುತ್ತಿತ್ತು. ಚಿಕ್ಕಮ್ಮ ಗುಂಡಿಯ ಅಂಕಿ ನೋಡಿದಳು. ಮೂವತ್ತೊಂಬತ್ತು.

ಅವಳು ಹಿಂದೆಯೇ ಓಡಿದಳು. ಅವರು ಡೆಕ್ಕಿನ ಬೆಂಚಿನ ಮೇಲೆ, ಗಾಳಿಗೆ ಮುಖವೊಡ್ಡಿ ಕೂತಿದ್ದರು. ದೂರದಲ್ಲಿ ದೋಣಿ ಆಗಲೇ ಚುಕ್ಕೆಯಾಗಿ ಕಾಣುತ್ತಿತ್ತು. ಅವಳು ಲಕೋಟೆಯಿಂದ ನೀಲಿ ಕಾಗದ ತೆಗೆದು ಅವರ ತೊಡೆಯ ಮೇಲಿಟ್ಟಳು. ಮಡಿಕೆಗಳಲ್ಲಿ ಕಾಗದ ಬಿಳಿಚಿಕೊಂಡಿತ್ತು. ಅವರು ತಾರೀಕು ನೋಡಿದರು.

"ಹದಿನಾಲ್ಕು ತಿಂಗಳು," ಎಂದರು. "ಹೊಟ್ಟೆಯಲ್ಲಿ ಹೇಗಮ್ಮ ಇಟ್ಕೊಂಡೆ? ನನಗೆ ಎರಡು ಇಡ್ಲಿ ಅಲ್ಲ, ಎರಡು ಗುಟುಕು ನೀರು ನಿಲ್ತಿಲ್ಲ."

"ನಿಮ್ಮ ಕೋಣೆಗೆ ಮೂರು ಸಲ ಬಂದೆ ಅಣ್ಣ."

"ಬಂದೆ, ಗಾಜು ಒರೆಸಿದೆ, ಹೋದೆ. ಪಾಪ, ಕೈ ಸುಮ್ಮನಿರಲ್ಲ ಅಂದ್ಕೊಂಡೆ." ಅವರು ಕಾಗದದ ಮಡಿಕೆಯನ್ನು ಬೆರಳಿನಿಂದ ನೇರ ಮಾಡಿದರು. "ಪಟ್ಟಿ ಅಂಟಿಸಿ ಅಂತ ಹೇಳಿಕೊಟ್ಟವನು ನಾನು. ಕಣ್ಣಿಗೆ ನಾನೇ ಬಟ್ಟೆ ಕಟ್ಟಿ, ದಾರಿ ತಪ್ಪಿದ್ದೂ ಗೊತ್ತಾಗದ ಹಾಗೆ ಮಾಡಿದೆ. ನೀನು ಯಾಕೆ ಒದ್ದಾಡಿದೆ?"

ಅವರು ಕನ್ನಡಕ ಏರಿಸಿ ಕಾಗದವನ್ನು ಮೊದಲಿನಿಂದ ಓದತೊಡಗಿದರು. ದೋಣಿಯ ಸದ್ದು ಕೇಳತೊಡಗಿತು. ಮೇಲಿನಿಂದ ಯಾರೋ ಟಪಾಲು ಚೀಲ ಕಟ್ಟುತ್ತಿದ್ದೇವೆಂದು ಕೂಗಿದರು. ಲೆಕ್ಕದಣ್ಣ ಓದುತ್ತಲೇ ಇದ್ದರು. ಆಮೇಲೆ ಬೆರಳಿನಿಂದ ಒಂದು ಸಾಲು ತಟ್ಟಿದರು.

"ಇದು ತಪ್ಪು."

ಅವಳು ಬಗ್ಗಿ ಆ ಸಾಲನ್ನು ನೋಡಿದಳು.

"ನಲವತ್ತೊಂದೂ ಒಂದೇ ಮೀನು ಅಂತ ಬರೆದಿದ್ದೀಯ. ಮೂವತ್ತೊಂಬತ್ತರಲ್ಲಿ ಕಚ್ಚು ಕಾಣುತ್ತೆ. ಹತ್ತೊಂಬತ್ತನೆಯದು, ಮೂವತ್ತೆರಡನೆಯದು, ಎರಡರಲ್ಲೂ ಮೀನು ನೇರ ನಮ್ಮ ಕಡೆ ಮುಖ ಮಾಡಿದೆ, ಬೆನ್ನೇ ಕಾಣಲ್ಲ. ಅದು ಅಜ್ಜಿಯೋ, ಅಜ್ಜಿಯ ತಂಗಿಯೋ, ಹೇಳೋಕಾಗಲ್ಲ. ಅವಮಾನದಲ್ಲೂ ಅವಸರ ಮಾಡಬಾರದು."

ಅವಳಿಗೆ ನಗು ಬಂತು, ಅಳುವೂ ಬಂತು. ನಿಜ, ಆ ಎರಡನ್ನು ಅವಳು ಕಂಡಿದ್ದಳು, ಕಂಡೂ ದಾಟಿಸಿಬಿಟ್ಟಿದ್ದಳು. ಅವರು ಪೆನ್ನು ಕೇಳಿದರು. ಹಡಗು ವಾಲುವುದನ್ನು ಕಾದು ಕಾದು, ಒಂದೊಂದೇ ಪದವಾಗಿ, ಖಚಿತವಾಗಿ ಒಂದು, ಹೇಳಲಾಗದ್ದು ಎರಡು ಎಂದು ತಿದ್ದಿದರು. ಕೆಳಗೆ, ತಾವು ಕಾಣದ್ದನ್ನು ಅವಳಿಂದ ಕೇಳಿಕೊಂಡು, ಇದೇ ಮೀನು ಇದೇ ಬಂಡೆಯಲ್ಲಿ ಮೊಟ್ಟೆ ಕಾಯುತ್ತಿರುವುದು ಇಂದು ಕಂಡಿದೆ ಎಂದು ಬರೆದರು. ಆಮೇಲೆ ಸಹಿಯ ಜಾಗಕ್ಕೆ ಬಂದು, ಖಾಲಿ ಬಿಟ್ಟಿದ್ದ ಮೊದಲ ಸಾಲನ್ನು ನೋಡಿದರು.

"ಇಷ್ಟು ದಿನ ನನ್ನ ಜಾಗ ಹಿಡಿದು ಕೂತಿದ್ದೀಯಲ್ಲ, ಬಸ್ಸಿನಲ್ಲಿ ಕರ್ಚೀಫ್ ಹಾಕಿದ ಹಾಗೆ," ಎಂದು ಸಹಿ ಹಾಕಿದರು. "ಊರಿಗೆ ಹೋದ ಮೇಲೆ ಆ ಗೋಡೆಯ ಕಟ್ಟು ಇಳಿಸಿಬಿಡು. ಒರೆಸೋ ಕೆಲಸವಾದ್ರೂ ತಪ್ಪುತ್ತೆ ನಿನಗೆ."

ಕಾಗದ ಲಕೋಟೆ ಸೇರಿತು, ಆದರೆ ಲಕೋಟೆ ಮುಚ್ಚಲಿಲ್ಲ. ಹದಿನಾಲ್ಕು ತಿಂಗಳ ಮೈ ಬಿಸಿಗೆ ಅಂಟೆಲ್ಲ ಒಣಗಿ ಉದುರಿಹೋಗಿತ್ತು. ನಾಲಿಗೆಯಿಂದ ಎಷ್ಟು ಒದ್ದೆ ಮಾಡಿದರೂ ಬಾಯಿ ಬಿಡುತ್ತಿತ್ತು. ಚಿಕ್ಕಮ್ಮ ಅಡುಗೆಮನೆಗೆ ಓಡಿದಳು. ನೆಲಕ್ಕೆ ಬಿದ್ದಿದ್ದ ಬೇಳೆಯ ಮೇಲೆ ಕಾಲಿಟ್ಟು ಜಾರಿ, ಮೇಜು ಹಿಡಿದು ನಿಂತಳು. ಅಡುಗೆಯಣ್ಣ ಕೇಳುವ ಮೊದಲೇ ಅವಳ ಕೈ ಪಾತ್ರೆಯಲ್ಲಿತ್ತು. ಬಿಸಿ ಅನ್ನದ ನಾಲ್ಕು ಅಗುಳು ಹೆಬ್ಬೆರಳಿನಲ್ಲಿ ಅರೆದು ಲಕೋಟೆಯ ಅಂಚಿಗೆ ಸವರಿ ಒತ್ತಿದಳು. "ಇದಕ್ಕೂ ಎರಡನೆಯವರ ಸಹಿ ಬೇಕಾ?" ಎಂದು ಅವನು ಹಿಂದಿನಿಂದ ಕೇಳುತ್ತಿದ್ದ.

ದೋಣಿ ಹಡಗಿನ ಪಕ್ಕಕ್ಕೆ ತಾಗಿ ಎದ್ದು ಬೀಳುತ್ತಿತ್ತು. ಚೀಲದ ಬಾಯಿ ಕಟ್ಟಿ ಹಗ್ಗದ ಕೊಕ್ಕೆಗೆ ಹಾಕಿಯಾಗಿತ್ತು. ಅವಳು ನಿಲ್ಲಿಸಿ ಎಂದು ಕೂಗಲಿಲ್ಲ, ನೇರ ಹೋಗಿ ಗಂಟನ್ನೇ ಹಿಡಿದುಕೊಂಡಳು. ನಾವಿಕ ನಕ್ಕು ಗಂಟು ಸಡಿಲಿಸಿ ಎರಡು ಬೆರಳಗಲ ಬಾಯಿ ತೆರೆದ. ಲಕೋಟೆ ಒಳಗೆ ಜಾರಿತು. ಚೀಲ ತೂಗುತ್ತ ತೂಗುತ್ತ ಕೆಳಗಿಳಿದು, ದೋಣಿಯವನ ಚಾಚಿದ ಕೈ ಸೇರಿತು. ಅವನು ಅದನ್ನು ಕಾಲಿನ ನಡುವೆ ಇಟ್ಟುಕೊಂಡು, ಒಮ್ಮೆ ಕೈ ಬೀಸಿ, ಮೋಟಾರು ಎಳೆದು ದಡದ ಕಡೆ ತಿರುಗಿದ.